‘ಬೇಕಂತ’ ಮಾಡಿದ್ದಾ?

ನಾನು ಹಾವೇರಿ ಕಡೆಯವನು, ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಭಾಷಾಶಾಸ್ತ್ರ ಓದಿದವನಲ್ಲ. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು, ನಿಮ್ಮಲ್ಲಿ ಬಹಳ ಜನರ ಹಾಗೇ. ಆದ್ರೂ ಇವತ್ತು ಒಂದು ಪದದ ಬಗ್ಗೆ ಮಾತಾಡಬೇಕು ಅಂತ ಬಂದಿದೀನಿ. ಆ ಪದ ‘ಬೇಕಂತ’.

ಬರವಣಿಗೆಯಲ್ಲಿ ಬೇಕೆಂದು, ಬೇಕೆಂದೇ. ಬಾಯಲ್ಲಿ ಬೇಕಂತ, ಬೇಕಂತಲೇ. ನಮ್ಮ ಕಡೆ ಬೇಕಂತನ. “ಅವನು ಬೇಕಂತಲೇ ನನ್ನ ಪೆನ್ಸಿಲ್ ಮುರಿದ.” “ಇಲ್ಲವ್ವ, ನಾನೇನ್ ಬೇಕಂತ ಮಾಡೀನೇನು?” ಅಣ್ಣ ತಮ್ಮಂದಿರ ಜಗಳ ಅವ್ವನ ಹತ್ತಿರ ಹೋದಾಗ ಮೊದಲು ತೀರ್ಮಾನ ಆಗಬೇಕಾದ ವಿಷಯ ಇದೇ. ಪೆನ್ಸಿಲ್ ಮುರಿದದ್ದು ಹೌದೋ ಅಲ್ಲವೋ ಅನ್ನೋದು ಕಣ್ಣಿಗೆ ಕಾಣುತ್ತೆ. ಬೇಕಂತ ಮುರಿದನೋ ಇಲ್ಲವೋ ಅನ್ನೋದು ಕಾಣಲ್ಲ. ಪೆಟ್ಟು ಬೀಳೋದು ಮಾತ್ರ ಅದರ ಮೇಲೆ.

ಮೂರು ವರ್ಷದ ಹಿಂದೆ ನನ್ನ ಟೀಮಿನ ಒಬ್ಬ ಹುಡುಗ ಈ ಪದವನ್ನ ನನ್ನ ಮುಂದೆ ಇಟ್ಟ. “ಸರ್, ನಾನ್ ಬೇಕಂತ ಮಾಡಿಲ್ರಿ” ಅಂದ. ಅಷ್ಟೇ ಅಂದಿದ್ದು. ನಾನು ಕೇಳಿಸಿಕೊಂಡೆ. ಆಮೇಲೆ ಇಂಗ್ಲಿಷಿನಲ್ಲಿ ಒಂದು ರಿಪೋರ್ಟ್ ಬರೆದೆ, ಅದರಲ್ಲಿ ಒಂದು ಪದ ಹಾಕಿದೆ. ಆ ಕಥೆಗೆ ಬರ್ತೀನಿ. ಹುಡುಗನ ಹೆಸರು ಹೇಳಲ್ಲ, ಕಂಪನಿಯ ಹೆಸರೂ ಬೇಡ. ಅವನನ್ನ ಕೇಳಿ, ಅವನು ಹೂಂ ಅಂದ ಮೇಲೇ ಇದನ್ನ ಹೇಳ್ತಿದೀನಿ. ಮೊದಲು ಪದ ಬಿಡಿಸೋಣ.

ಬೇಕು, ಅಂತ. ಎರಡೇ ತುಂಡು. ಬೇಕು ಅಂದ್ರೆ ಎಲ್ಲರಿಗೂ ಗೊತ್ತು. ಮಜಾ ಇರೋದು ಅಂತ ಅನ್ನೋದರಲ್ಲಿ. ಇದು ‘ಎಂದು’ ಅನ್ನೋದರ ಆಡುರೂಪ. ಯಾರೋ ಅಂದಿದ್ದನ್ನ ಹೇಳೋಕೆ ಬಳಸ್ತೀವಿ: “ನಾಳೆ ಬರ್ತೀನಿ ಅಂತ ಅಂದ.” ಆದರೆ ಯಾರೂ ಬಾಯಿ ಬಿಡದೇ ಇದ್ದಾಗಲೂ ಬಳಸ್ತೀವಿ. “ಮಳೆ ಬರುತ್ತೆ ಅಂತ ಛತ್ರಿ ತಗೊಂಡೆ.” ಮಳೆ ಬರುತ್ತೆ ಅಂತ ಅಂದವರು ಯಾರು? ಯಾರೂ ಇಲ್ಲ, ನಾನೇ ನನ್ನೊಳಗೆ ಅಂದ್ಕೊಂಡಿದ್ದು. ಕನ್ನಡಕ್ಕೆ ಯೋಚನೆ ಅಂದ್ರೆ ಒಳಗಡೆ ಆಡಿದ ಮಾತು. ‘ಅಂದ್ಕೊಂಡೆ’ ಅನ್ನೋ ಪದವೇ ನೋಡಿ, ತನಗೆ ತಾನೇ ಅನ್ನೋದು.

ಹಾಗಾಗಿ ‘ಬೇಕಂತ ಮಾಡಿದ’ ಅಂದಾಗ ನಾವು ಹೇಳ್ತಿರೋದು ಒಂದು ಪುಟ್ಟ ಕಥೆ. ಅವನೊಳಗೆ ಒಂದು ದನಿ ‘ಬೇಕು’ ಅಂತು, ಆಮೇಲೆ ಅವನು ಮಾಡಿದ. ಆ ದನಿಯನ್ನ ನಾವು ಕೇಳಿಸಿಕೊಂಡಿಲ್ಲ. ಆದರೂ ಕೇಳಿಸಿಕೊಂಡವರ ಹಾಗೆ ವರದಿ ಮಾಡ್ತೀವಿ.

ಇದು ನಮ್ಮೊಬ್ಬರದೇ ಕಟ್ಟಡ ಅಂತ ತಿಳ್ಕೋಬೇಡಿ. ಚೆನ್ನೈನಲ್ಲಿರೋರು ‘ವೇಣುಮ್ನೇ ಪಣ್ಣಾನ್’ ಅನ್ನೋದನ್ನ ಕೇಳಿರ್ತೀರ. ವೇಣುಮ್ ಅಂದ್ರೆ ಬೇಕು, ಅದಕ್ಕೆ ‘ಎಂದೇ’ ಅಂಟಿದೆ. ಹೈದರಾಬಾದಿನವರು ‘ಕಾವಾಲನೇ ಚೇಶಾಡು’ ಕೇಳಿರ್ತೀರ. ಕಾವಾಲಿ ಅಂದ್ರೆ ಬೇಕು, ಅದಕ್ಕೆ ‘ಅನಿ’ ಅಂಟಿದೆ. ಮೂರು ಭಾಷೆ, ಒಂದೇ ಅಚ್ಚು. ನಾನು ಪುಣೆಗೆ ಬರೋ ಮೊದಲು ಎರಡು ವರ್ಷ ಚೆನ್ನೈನಲ್ಲಿದ್ದೆ. ತಮಿಳು ಬರದಿದ್ದರೂ ಈ ಪದ ಮಾತ್ರ ಮೊದಲ ದಿನವೇ ಅರ್ಥ ಆಗಿತ್ತು, ಯಾಕಂದ್ರೆ ಪಿಜಿಯಲ್ಲಿ ಬಕೆಟ್ ವಿಷಯಕ್ಕೆ ದಿನಾ ಜಗಳ ಆಗ್ತಿತ್ತು.

ಮಲಯಾಳಂ ಮಾತ್ರ ಬೇರೆ ದಾರಿ ಹಿಡಿದಿದೆ. ಅವರು ‘ಮನಃಪೂರ್ವಂ’ ಅಂತಾರೆ. ನಮ್ಮಲ್ಲಿ ಮನಃಪೂರ್ವಕ ಅಂದ್ರೆ ತುಂಬು ಮನಸ್ಸಿನಿಂದ. ಮನಃಪೂರ್ವಕ ಅಭಿನಂದನೆ, ಮನಃಪೂರ್ವಕ ವಂದನೆ. ಅವರಲ್ಲಿ ಅದೇ ಪದಕ್ಕೆ ಬೇಕಂತಲೇ ಅಂತ ಅರ್ಥ. ಮಲಯಾಳಿ ಸ್ನೇಹಿತ ಇದ್ರೆ “ನಿನಗೆ ಮನಃಪೂರ್ವಕವಾಗಿ ಸಹಾಯ ಮಾಡಿದೆ” ಅಂತ ಒಮ್ಮೆ ಹೇಳಿ ನೋಡಿ, ಮುಖ ಹೇಗಾಗುತ್ತೆ ಅಂತ.

ಇನ್ನು ಹಿಂದಿ. ‘ಜಾನ್‌ಬೂಝ್‌ಕರ್ ಕಿಯಾ.’ ಜಾನ್ನಾ ಅಂದ್ರೆ ತಿಳಿಯೋದು, ಬೂಝ್ನಾ ಅಂದ್ರೂ ಹೆಚ್ಚುಕಡಿಮೆ ಅದೇ, ಅರಿತುಕೊಳ್ಳೋದು. ಇಲ್ಲಿ ‘ಬೇಕು’ ಎಲ್ಲೂ ಇಲ್ಲ. ಹಿಂದಿ ಕೇಳೋ ಪ್ರಶ್ನೆ, ನಿನಗೆ ಗೊತ್ತಿತ್ತಾ? ಕನ್ನಡ ಕೇಳೋ ಪ್ರಶ್ನೆ, ನಿನಗೆ ಬೇಕಾಗಿತ್ತಾ? ಇಬ್ಬರೂ ದಿನಬಳಕೆಯಲ್ಲಿ ಒಂದೇ ಜಾಗದಲ್ಲಿ ಹಾಕ್ತೀವಿ, ಅನುವಾದದಲ್ಲಿ ಒಂದರ ಬದಲು ಇನ್ನೊಂದು ಸಲೀಸಾಗಿ ಕೂರುತ್ತೆ. ಆದರೆ ಎರಡರ ನಡುವೆ ಒಂದು ಸಂದಿ ಇದೆ. ನಮ್ಮ ಬದುಕಿನ ಅರ್ಧ ಜಗಳ ಆ ಸಂದಿಯಲ್ಲೇ ನಡೆಯೋದು.

ನಮ್ಮ ಸೊಸೈಟಿಯಲ್ಲಿ ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ವಾಷಿಂಗ್ ಮಷೀನ್ ಹಾಕ್ತಾರೆ. ಕೊನೆಯ ಸ್ಪಿನ್ನಿಗೆ ನಮ್ಮ ಬೆಡ್‌ರೂಮಿನ ಸೀಲಿಂಗ್ ಗುಂಯ್ ಅನ್ನುತ್ತೆ. ನನ್ನ ಹೆಂಡತಿ “ಬೇಕಂತಲೇ ಮಾಡ್ತಾರೆ” ಅಂತಾಳೆ. ಅವರಿಗೆ ಸದ್ದು ಆಗುತ್ತೆ ಅಂತ ಗೊತ್ತು, ನಾವೇ ಎರಡು ಸಲ ಹೇಳಿದೀವಿ. ಆದರೆ ಅವರಿಗೆ ಬೇಕಾಗಿರೋದು ಸದ್ದಲ್ಲ, ಒಗೆದ ಬಟ್ಟೆ. ಗಂಡ ಹೆಂಡತಿ ಇಬ್ಬರೂ ಮನೆ ಸೇರೋದೇ ಹತ್ತಕ್ಕೆ. ನಾವು ಎದ್ದು ಕೂರಬೇಕು ಅಂತ ಅವರ ಒಳಗಿನ ಯಾವ ದನಿಯೂ ಅಂದಿಲ್ಲ. ಗೊತ್ತಿದ್ದೂ ಮಾಡಿದ್ದು ಹೌದು, ಬೇಕಂತ ಮಾಡಿದ್ದು ಅಲ್ಲ. ಇದನ್ನ ಹೆಂಡತಿಗೆ ರಾತ್ರಿ ಹನ್ನೊಂದೂವರೆಗೆ ವಿವರಿಸೋಕೆ ಹೋಗಬಾರದು, ಅದು ಬೇರೆ ವಿಷಯ.

ಕಾನೂನು ಈ ಸಂದಿಯನ್ನ ತುಂಬಾ ಗಂಭೀರವಾಗಿ ತಗೊಂಡಿದೆ. 1860ರ ಭಾರತೀಯ ದಂಡ ಸಂಹಿತೆಯ 299ನೇ ಕಲಮಿನಲ್ಲೇ ಉದ್ದೇಶ ಬೇರೆ, ತಿಳಿವಳಿಕೆ ಬೇರೆ ಅಂತ ಎರಡು ಪದ ಇಟ್ಟಿದಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 100ನೇ ಕಲಮು. ಶಿಕ್ಷೆ 105ರಲ್ಲಿದೆ. ಕೊಲೆ ಅನ್ನಿಸಿಕೊಳ್ಳದ ನರಹತ್ಯೆಯಲ್ಲಿ, ಸಾಯಿಸೋ ಉದ್ದೇಶ ಇತ್ತು ಅಂತಾದ್ರೆ ಜೀವಾವಧಿಯವರೆಗೆ ಹೋಗಬಹುದು. ಉದ್ದೇಶ ಇಲ್ಲ, ಸಾಯಬಹುದು ಅನ್ನೋ ತಿಳಿವಳಿಕೆ ಮಾತ್ರ ಇತ್ತು ಅಂತಾದ್ರೆ ಹೆಚ್ಚೆಂದರೆ 10 ವರ್ಷ. ಒಬ್ಬನ ಒಳಗಿನ ದನಿ ಬೇಕು ಅಂತೋ, ಬರೀ ‘ಆಗಬಹುದು’ ಅಂತೋ ಅನ್ನೋದರ ಮೇಲೆ ಇಷ್ಟು ವರ್ಷಗಳ ವ್ಯತ್ಯಾಸ.

ಇನ್ನೊಂದು ಗಮನಿಸಿ. ಬೇಕಂತಲೇ ಅನ್ನೋದನ್ನ ಒಳ್ಳೇ ಕೆಲಸಕ್ಕೆ ನಾವು ಹಾಕೋದೇ ಇಲ್ಲ. “ಅವರು ಬೇಕಂತಲೇ ನನ್ನ ಆಸ್ಪತ್ರೆ ಬಿಲ್ ಕಟ್ಟಿದ್ರು” ಅಂದ್ರೆ ಕೇಳೋರು ತಕ್ಷಣ “ಯಾಕೆ, ಏನಿತ್ತು ಒಳಗೆ?” ಅಂತಾರೆ. ಉಪಕಾರದ ಹಿಂದೆ ಏನೋ ಹೊಂಚು ಇದೆ ಅನ್ನೋ ವಾಸನೆ ಬಂದುಬಿಡುತ್ತೆ. ಪದದ ಒಳಗೆ ಕೆಟ್ಟದ್ದೇನೂ ಇಲ್ಲ, ಬೇಕು ಅಂತ ಅಷ್ಟೇ. ಆದರೂ ಅದು ದೂರಿನ ಪದ ಆಗಿ ಕೂತಿದೆ.

ಇದರ ಮೇಲೆ ಒಂದು ಪ್ರಯೋಗ ಇದೆ, ತತ್ವಶಾಸ್ತ್ರದವರಲ್ಲಿ ಬಹಳ ಹೆಸರು ಮಾಡಿದ್ದು. ಅಮೆರಿಕದ ಜೋಶುವಾ ನೋಬ್ 2003ರಲ್ಲಿ ಪ್ರಕಟಿಸಿದ್ದು. ನ್ಯೂಯಾರ್ಕಿನ ಒಂದು ಪಾರ್ಕಿನಲ್ಲಿ ಕೂತವರಿಗೆ ಒಂದು ಪುಟ್ಟ ಕಥೆ ಕೊಟ್ಟರು. ಕಂಪನಿಯ ಚೇರ್ಮನ್ ಹತ್ತಿರ ಒಬ್ಬ ಬಂದು, ಈ ಹೊಸ ಯೋಜನೆಯಿಂದ ಲಾಭ ಬರುತ್ತೆ, ಜೊತೆಗೆ ಪರಿಸರ ಹಾಳಾಗುತ್ತೆ ಅಂತಾನೆ. ಚೇರ್ಮನ್, ಪರಿಸರದ ಚಿಂತೆ ನನಗಿಲ್ಲ, ಲಾಭ ಬಂದ್ರೆ ಸಾಕು, ಶುರು ಮಾಡಿ ಅಂತಾನೆ. ಪರಿಸರ ಹಾಳಾಗುತ್ತೆ. ಅವನು ಅದನ್ನ ಬೇಕಂತ ಹಾಳು ಮಾಡಿದನಾ? 82% ಜನ ಹೌದು ಅಂದ್ರು. ಇನ್ನು ಕೆಲವರಿಗೆ ಅದೇ ಕಥೆಯನ್ನ ಒಂದೇ ಪದ ಬದಲಿಸಿ ಕೊಟ್ಟರು: ಹಾಳಾಗುತ್ತೆ ಅನ್ನೋ ಕಡೆ ಸುಧಾರಿಸುತ್ತೆ. ಅವನು ಅದೇ ಮಾತು ಆಡ್ತಾನೆ, ಪರಿಸರ ಸುಧಾರಿಸುತ್ತೆ. ಬೇಕಂತ ಸುಧಾರಿಸಿದನಾ? ಈಗ ಹೌದು ಅಂದವರು 23%.

ಚೇರ್ಮನ್ನಿನ ಮನಸ್ಸು ಎರಡು ಕಥೆಯಲ್ಲೂ ಒಂದೇ. ಬದಲಾಗಿದ್ದು ಫಲ. ಅಂದ್ರೆ ನಾವು ಮೊದಲು ಫಲ ನೋಡ್ತೀವಿ, ಅದು ಕೆಟ್ಟದ್ದಾದರೆ ಹಿಂದಕ್ಕೆ ಹೋಗಿ ಅವನೊಳಗೆ ಒಂದು ‘ಬೇಕು’ ಇಟ್ಟು ಬರ್ತೀವಿ. ಅವರು ಇಂಗ್ಲಿಷಿನಲ್ಲಿ ಕೇಳಿದ್ದು, ಆ ಪದಕ್ಕೆ ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಬಳಕೆ ಇದೆ. ಕನ್ನಡದ ಬೇಕಂತಲೇ ಇಟ್ಟು ಕೇಳಿದ್ರೆ ಅಂತರ ಇನ್ನೂ ಜಾಸ್ತಿ ಬರುತ್ತೆ ಅಂತ ನನ್ನ ಅನಿಸಿಕೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಎರಡು ವಾಕ್ಯ ಹೇಳ್ತೀನಿ. “ಅವನು ಬೇಕಂತ ಮಾಡಿಲ್ಲ.” “ಅವನು ಬೇಕಂತಲೇ ಮಾಡಿಲ್ಲ.” ಮೊದಲನೇದು ಕ್ಷಮೆ. ಅವನು ಮಾಡಿದಾನೆ, ಆದರೆ ಉದ್ದೇಶ ಇರಲಿಲ್ಲ. ಎರಡನೇದು ಆರೋಪ. ಅವನು ಮಾಡಬೇಕಿತ್ತು, ಮಾಡಲಿಲ್ಲ, ಉದ್ದೇಶ ಇಟ್ಕೊಂಡೇ ಮಾಡಲಿಲ್ಲ. ಮಧ್ಯೆ ಸೇರಿದ್ದು ಬರೀ ‘ಲೇ’. ಆ ಒತ್ತು ಬಿದ್ದ ತಕ್ಷಣ ‘ಇಲ್ಲ’ ಅನ್ನೋದು ಬೇಕಂತ ಅನ್ನೋದನ್ನ ಬಿಟ್ಟು ಮಾಡೋದನ್ನ ಹಿಡ್ಕೊಳ್ಳುತ್ತೆ. ನಾನು ಎಂ.ಟೆಕ್‌ನಲ್ಲಿ ಕಂಪೈಲರ್ ಓದಿದವನು, ಆವರಣ ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ ಅರ್ಥ ತಲೆಕೆಳಗಾಗೋದು ನನಗೆ ಹೊಸದಲ್ಲ. ಆದರೆ ಅವ್ವ ಹೇಳಿಕೊಟ್ಟ ಭಾಷೆಯಲ್ಲಿ ಅದು ಒಂದು ಅಕ್ಷರದಲ್ಲಿ ಆಗುತ್ತೆ ಅಂತ ಮೂವತ್ತು ದಾಟಿದ ಮೇಲೆ ಕಂಡಿದ್ದು. ಈ ‘ಲೇ’ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಕಂಪೈಲರ್ ಅಂದೆ ಅಲ್ವಾ, ಒಂದು ಸಣ್ಣ ವಿಷಯ. ಸಿ ಭಾಷೆಯಲ್ಲಿ ಸ್ವಿಚ್ ಬರೆದು ಬ್ರೇಕ್ ಹಾಕೋದು ಬಿಟ್ಟರೆ ಒಂದು ಕೇಸಿನಿಂದ ಮುಂದಿನ ಕೇಸಿಗೆ ಜಾರಿ ಹೋಗುತ್ತೆ. ಕೆಲವು ಸಲ ಅದು ಮರೆವು, ಕೆಲವು ಸಲ ಅದೇ ಬೇಕಾಗಿರುತ್ತೆ. ಕೋಡ್ ನೋಡಿದ್ರೆ ಎರಡೂ ಒಂದೇ ಥರ. ಯಂತ್ರಕ್ಕೆ ನಮ್ಮ ಒಳಗಿನ ದನಿ ಕೇಳಿಸಲ್ಲವಲ್ಲ. ಅದಕ್ಕೇ ಸಿ ಪ್ಲಸ್ ಪ್ಲಸ್ 17ರಲ್ಲಿ ‘ಫಾಲ್‌ಥ್ರೂ’ ಅಂತ ಒಂದು ಗುರುತು ತಂದರು. ಅದು ಯಾವ ಕೆಲಸವನ್ನೂ ಮಾಡಲ್ಲ. “ಇದು ನಾನು ಬೇಕಂತಲೇ ಬಿಟ್ಟಿದ್ದು, ಎಚ್ಚರಿಕೆ ಕೊಡಬೇಡ” ಅಂತ ಕಂಪೈಲರಿಗೆ ಹೇಳುತ್ತೆ, ಅಷ್ಟೇ. ಡಿಲೀಟ್ ಒತ್ತಿದಾಗ “ನಿಜವಾಗಲೂ?” ಅಂತ ಕೇಳೋ ಪೆಟ್ಟಿಗೆ, ಕಮಾಂಡಿನ ಕೊನೆಗೆ ಹಾಕೋ ‘ಫೋರ್ಸ್’, ಎಲ್ಲ ಅದೇ ಜಾತಿ. ಬೇಕು ಅಂತ ಬಾಯಿ ಬಿಟ್ಟು ಹೇಳಿಸೋದು.

ಕನ್ನಡದ ಕ್ರಿಯಾಪದಗಳೂ ಇದನ್ನ ಹೇಳ್ತಾ ಇರ್ತವೆ. ಲೋಟ ಒಡೆಯಿತು. ಲೋಟ ಒಡೆದುಹೋಯ್ತು. ಲೋಟ ಒಡೆದುಬಿಟ್ಟೆ. ಲೋಟ ಒಡೆದುಹಾಕಿದ. ಲೋಟ ಒಂದೇ, ಚೂರುಗಳೂ ಅಷ್ಟೇ. ಮೊದಲ ಎರಡರಲ್ಲಿ ಮಾಡಿದವನೇ ಇಲ್ಲ. ಮೂರನೇದರಲ್ಲಿ ಇದಾನೆ, ಆದರೆ ಅಯ್ಯೋ ಅನ್ನೋ ದನಿಯೂ ಇದೆ. ನಾಲ್ಕನೇದು ಸಿಟ್ಟಿನಿಂದ ಮಾಡಿದ್ದು. “ನಾನು ಮರೆತೆ” ಅಂತ ನಾವು ಮನೆಯಲ್ಲಿ ಎಷ್ಟು ಸಲ ಹೇಳ್ತೀವಿ? “ನಂಗೆ ಮರ್ತೋಯ್ತು.” ಮರೆವು ಎಲ್ಲಿಂದಲೋ ಬಂದು ನನಗೆ ಆಯ್ತು, ಜ್ವರ ಬಂದ ಹಾಗೆ.

ಇಂಗ್ಲೆಂಡಿನ ಜೆ. ಎಲ್. ಆಸ್ಟಿನ್ ಅನ್ನೋ ತತ್ವಶಾಸ್ತ್ರಜ್ಞ 1956ರಲ್ಲಿ ಜನ ಕೊಡೋ ನೆಪಗಳ ಮೇಲೇ ಒಂದು ಭಾಷಣ ಮಾಡಿದ್ದ. ಅದರ ಅಡಿಟಿಪ್ಪಣಿಯಲ್ಲಿ ಎರಡು ಕತ್ತೆಗಳ ಕಥೆ ಬರುತ್ತೆ. ನನ್ನ ಕತ್ತೆಯನ್ನ ಕೊಲ್ಲಬೇಕು ಅಂತ ಗುಂಡು ಹಾರಿಸಿದೆ, ಹೋಗಿ ನೋಡಿದ್ರೆ ಸತ್ತದ್ದು ನಿನ್ನ ಕತ್ತೆ, ಎರಡೂ ನೋಡೋಕೆ ಒಂದೇ ಥರ ಇದ್ವು. ಇದು ಒಂದು. ನನ್ನ ಕತ್ತೆಗೇ ಗುರಿ ಇಟ್ಟೆ, ಹಾರಿಸೋ ಹೊತ್ತಿಗೆ ಅವು ಕದಲಿದವು, ನಿನ್ನದಕ್ಕೆ ಬಿತ್ತು. ಇದು ಇನ್ನೊಂದು. ಈ ಎರಡಕ್ಕೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಮಾತು ಇದೆ ಅನ್ನೋದು ಅವನ ಖುಷಿ. ನಮಗೂ ಇದೆ, ಇನ್ನೂ ಚೆಂದ. ಮೊದಲನೇದು ಗುರುತು ತಪ್ಪಿ. ಎರಡನೇದು ಗುರಿ ತಪ್ಪಿ.

ಸರಿ. ಈಗ ಹುಡುಗ.

ಅವನು ರಾಯಚೂರು ಕಡೆಯವನು. ಟೀಮಿನಲ್ಲಿ ಕನ್ನಡ ಗೊತ್ತಿದ್ದವರು ನಾವಿಬ್ಬರೇ. ಸೇರಿ ಐದು ತಿಂಗಳಾಗಿತ್ತು, ಪ್ರೊಬೇಶನ್ನಿನಲ್ಲಿದ್ದ. ನಮ್ಮಲ್ಲಿ ಹಳೇ ದಾಖಲೆ ಅಳಿಸೋ ಒಂದು ಸ್ಕ್ರಿಪ್ಟ್ ಇತ್ತು, ತಿಂಗಳಿಗೊಮ್ಮೆ ಓಡಿಸಬೇಕು. ಅದಕ್ಕೆ ಒಂದು ಕಾವಲು ಇತ್ತು: ಹತ್ತು ಸಾವಿರ ಸಾಲಿಗಿಂತ ಜಾಸ್ತಿ ಅಳಿಸೋದು ಬಂದ್ರೆ ನಿಲ್ಲಬೇಕು. ಯಾವ ಕಾಲದಲ್ಲೋ ಬರೆದ ಮಿತಿ. ಈಗ ಡೇಟಾ ಬೆಳೆದು ಪ್ರತಿ ತಿಂಗಳೂ ಆ ಮಿತಿ ದಾಟುತ್ತೆ, ಪ್ರತಿ ತಿಂಗಳೂ ಸ್ಕ್ರಿಪ್ಟ್ ನಿಲ್ಲುತ್ತೆ. ಎಲ್ಲರೂ ಫೋರ್ಸ್ ಹಾಕಿ ಓಡಿಸ್ತಿದ್ರು. ಆ ತಿಂಗಳು ಇವನ ಸರದಿ. ದಿನಾಂಕ ಕೊಡೋವಾಗ ದಿನ ಮತ್ತು ತಿಂಗಳು ಅದಲುಬದಲಾಯ್ತು. ಮಾರ್ಚ್ 7 ಅನ್ನೋದು ಜುಲೈ 3 ಆಯ್ತು. ಸ್ಕ್ರಿಪ್ಟ್ ನಿಂತಿತು, ಯಾವತ್ತಿನ ಹಾಗೇ. ಇವನು ಫೋರ್ಸ್ ಹಾಕಿದ, ಯಾವತ್ತಿನ ಹಾಗೇ. ನಾಲ್ಕು ತಿಂಗಳ ಜೀವಂತ ದಾಖಲೆ ಹೋಯ್ತು.

ಬ್ಯಾಕಪ್ ಇತ್ತು, ಆರು ಗಂಟೆಯಲ್ಲಿ ವಾಪಸ್ ತಂದ್ವಿ. ಅದು ಮುಗಿಯೋ ಹೊತ್ತಿಗೆ ಬೆಳಗಿನ ಜಾವ ಮೂರು ಗಂಟೆ. ಆಗಲೇ ಅವನು ಪ್ಯಾಂಟ್ರಿ ಹತ್ತಿರ ನಿಂತು ಹೇಳಿದ್ದು, “ಸರ್, ನಾನ್ ಬೇಕಂತ ಮಾಡಿಲ್ರಿ.” ನಾನು “ಗೊತ್ತಪಾ, ಹೋಗಿ ಮಲ್ಕೋ” ಅಂದೆ. ಅಂದು, ವಾಪಸ್ ಬಂದು ಕೂತು ರಿಪೋರ್ಟ್ ಬರೆದೆ. ಅದರಲ್ಲಿ ಒಂದು ಸಾಲು, ಇಂಜಿನಿಯರ್ ಸುರಕ್ಷತಾ ಕಾವಲನ್ನು ‘ಡೆಲಿಬರೇಟ್ಲೀ’ ದಾಟಿದ್ದಾನೆ.

ಆ ಸಾಲಿನಲ್ಲಿ ಸುಳ್ಳಿಲ್ಲ ನೋಡಿ. ಕಾವಲು ದಾಟಿದ್ದು ಉದ್ದೇಶದಿಂದಲೇ. ಫೋರ್ಸ್ ಕೈ ತಪ್ಪಿ ಬೀಳೋ ಅಕ್ಷರ ಅಲ್ಲ. ಆದರೆ ಅವನು ಬೇಕು ಅಂದಿದ್ದು ಕಾವಲು ದಾಟೋದಕ್ಕೆ, ದಾಖಲೆ ಅಳಿಯೋದಕ್ಕಲ್ಲ. ಓದಿದವರು ಎಲ್ಲರೂ ಆ ಪದವನ್ನ ಎತ್ತಿ ಫಲದ ಪಕ್ಕದಲ್ಲಿಟ್ಟರು. ಪಾರ್ಕಿನಲ್ಲಿ ಕೂತ 82% ಜನ ಮಾಡಿದ್ದನ್ನೇ. ರಿವ್ಯೂ ಮೀಟಿಂಗಿನಲ್ಲಿ ಮೇಲಿನವರೊಬ್ಬರು ನನ್ನ ಕಡೆ ತಿರುಗಿ, “ಜಾನ್‌ಬೂಝ್‌ಕರ್ ಕಿಯಾ, ರೈಟ್?” ಅಂದ್ರು. ನಾನು “ಟೆಕ್ನಿಕಲಿ, ಹೌದು” ಅಂದೆ. ಹುಡುಗ ಎದುರಿಗೇ ಕೂತಿದ್ದ. ಅವನ ಕನ್ಫರ್ಮೇಶನ್ ಆರು ತಿಂಗಳು ಮುಂದೆ ಹೋಯ್ತು, ಎರಡನೇ ತಿಂಗಳಿಗೆ ರಾಜೀನಾಮೆ ಕೊಟ್ಟು ಹೋದ.

ಇಷ್ಟೇ ಆಗಿದ್ರೆ ಇದು ಪದದ ತಪ್ಪು, ಅನುವಾದದ ತಪ್ಪು ಅಂತ ಹೇಳಿ ಮುಗಿಸಬಹುದಿತ್ತು. ಬಹಳ ದಿನ ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ರಿಪೋರ್ಟಿನಲ್ಲಿ ಇಲ್ಲದ ಒಂದು ಸಾಲು ಇದೆ. ಅವನು ಸೇರಿದ ಎರಡನೇ ವಾರ ಆ ಸ್ಕ್ರಿಪ್ಟ್ ಹೇಗೆ ಓಡಿಸೋದು ಅಂತ ಅವನ ಪಕ್ಕದಲ್ಲಿ ಕೂತು ತೋರಿಸಿದವನು ನಾನು. “ಇದು ಹಿಂಗ ನಿಲ್ಲತೈತಿ, ತಲಿ ಕೆಡಿಸ್ಕೋಬ್ಯಾಡ, ಫೋರ್ಸ್ ಹಾಕು” ಅಂದವನೂ ನಾನೇ. ಕನ್ನಡದಲ್ಲಿ ಅಂದಿದ್ದು, ಹಾಗಾಗಿ ಪಕ್ಕದವರಿಗೂ ಗೊತ್ತಾಗಿರಲಿಲ್ಲ.

ಅದನ್ನ ನಾನು ಬರೀಲಿಲ್ಲ. ಬೇಕಂತ ಬರೀಲಿಲ್ಲವಾ? ಆ ರಾತ್ರಿಯ ಬಗ್ಗೆ ಕೇಳಿದ್ರೆ ಪ್ರಮಾಣ ಮಾಡಿ ಹೇಳ್ತೀನಿ, ಮರ್ತೋಯ್ತು. ಹದಿನೆಂಟು ಗಂಟೆ ಎದ್ದಿದ್ದೆ. ಆದರೆ ಮೀಟಿಂಗಿನ ದಿನ ಮರೆತಿರಲಿಲ್ಲ. ಅವತ್ತು ಬೆಳಿಗ್ಗೆ ಸ್ಕೂಟರಿನಲ್ಲಿ ಹಿಂಜವಡಿಗೆ ಹೋಗ್ತಾ, ವಾಕಡ್ ಸೇತುವೆ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಥಟ್ ಅಂತ ನೆನಪಾಗಿತ್ತು. ರಿಪೋರ್ಟ್ ತಿದ್ದೋಕೆ ಇನ್ನೂ ನಾಲ್ಕು ಗಂಟೆ ಟೈಮ್ ಇತ್ತು. ತಿದ್ದಲಿಲ್ಲ. ನನ್ನ ಪ್ರಮೋಶನ್ ಆ ತಿಂಗಳು ಚರ್ಚೆಯಲ್ಲಿತ್ತು. ನನ್ನ ಒಳಗಿನ ದನಿ ಏನಂತು ಅಂತ ನನಗೆ ಚೆನ್ನಾಗಿ ಕೇಳಿಸಿತ್ತು. ಅದು ಹುಡುಗ ಹಾಳಾಗಲಿ ಅನ್ನಲಿಲ್ಲ. ಈ ಸಾಲು ಬೇಡ ಅಂತು, ಅಷ್ಟೇ. ಮೇಲಿನ ಮನೆಯವರ ವಾಷಿಂಗ್ ಮಷೀನಿನ ಹಾಗೆ, ಸದ್ದು ಯಾರಿಗಾಗುತ್ತೆ ಅಂತ ಗೊತ್ತಿತ್ತು. ‘ಲೇ’ ನೆನಪಿಟ್ಕೊಳ್ಳಿ ಅಂದಿದ್ದೆ. ಬೇಕಂತಲೇ ಬರೀಲಿಲ್ಲ.

ಹೋದ ವರ್ಷ ಹೈದರಾಬಾದಿಗೆ ಹೋದೆ. ಅವನು ಈಗ ಅಲ್ಲಿದಾನೆ. ಪುಣೆಯಿಂದ ರೈಲು, ಸೋಲಾಪುರ, ಕಲಬುರಗಿ, ವಾಡಿ ದಾಟಿ. ಆಫೀಸಿನ ಕೆಲಸ ಏನೂ ಇರಲಿಲ್ಲ. ಅವನನ್ನ ನೋಡೋಕೇ ಹೋಗಿದ್ದು. ಇದಕ್ಕೆ ನಮ್ಮ ಕಡೆ ಒಂದು ಒಳ್ಳೇ ಪದ ಇದೆ, ಮುದ್ದಾಂ. ಮರಾಠಿಯಿಂದ ಬಂದದ್ದು. ಪುಣೆಯಲ್ಲಿ ಅದಕ್ಕೆ ಎರಡೂ ಮುಖ ಇದೆ. “ಮುದ್ದಾಮ್ ಕೇಲಂ” ಅಂದ್ರೆ ಬೇಕಂತಲೇ ಮಾಡಿದ ಅನ್ನೋ ದೂರು. “ಮುದ್ದಾಮ್ ಭೇಟಾಯ್ಲಾ ಆಲೋ” ಅಂದ್ರೆ ನಿಮ್ಮನ್ನ ನೋಡೋಕೆ ಅಂತಲೇ ಬಂದೆ ಅನ್ನೋ ಪ್ರೀತಿ. ನಮ್ಮ ಹಾವೇರಿ ಧಾರವಾಡದ ಕಡೆ ನನಗೆ ಕೇಳಿಸಿದ್ದೆಲ್ಲ ಎರಡನೇದೇ. ಮದುವೆ ಕಾರ್ಡ್ ಕೊಡೋವಾಗ “ಮುದ್ದಾಂ ಬರಬೇಕ್ರಿ ಮತ್ತ” ಅಂತೀವಿ. ಬೇರೆ ಕೆಲಸದ ಜೊತೆಗೆ ಅಲ್ಲ, ಇದಕ್ಕೇ ಅಂತ ಬರಬೇಕು. ಬೇಕಂತ ಅನ್ನೋದರಲ್ಲಿ ಇಲ್ಲದ ಒಳ್ಳೇ ಉದ್ದೇಶಕ್ಕೆ ನಾವು ಪಕ್ಕದ ಮನೆಯಿಂದ ಪದ ತಂದ್ಕೊಂಡಿದೀವಿ.

ಇರಾನಿ ಹೋಟೆಲ್ಲಿನಲ್ಲಿ ಕೂತ್ವಿ. ಚಾ ಬಂತು, ಉಸ್ಮಾನಿಯಾ ಬಿಸ್ಕತ್ತು ಬಂತು. “ಏನ್ ಸರ್, ಆಫೀಸ್ ಕೆಲಸಕ್ಕ ಬಂದಿದ್ರೇನು?” ಅಂತ ಕೇಳಿದ. ಮುದ್ದಾಂ ನಿನ್ನ ನೋಡಲಿಕ್ಕೆ ಬಂದೀನಿ ಅಂತ ಹೇಳೋಕೆ ಬಾಯಿ ಬರಲಿಲ್ಲ. “ಇಲ್ಲಪಾ, ಸುಮ್ನ ಬಂದಿದ್ದೆ” ಅಂದೆ.

ಆಮೇಲೆ ಹೇಳಿದೆ. ರಿಪೋರ್ಟಿನ ಸಾಲು, ಇಲ್ಲದ ಸಾಲು, ವಾಕಡ್ ಸೇತುವೆ, ಎಲ್ಲ. ಅವನು ಬಿಸ್ಕತ್ತು ಅದ್ದಿ ತಿಂತಾ ಕೇಳಿದ.

“ನೀವ ಹೇಳಿಕೊಟ್ಟಿದ್ದು ನಂಗ ನೆನಪಿತ್ರಿ ಸರ್. ಮೀಟಿಂಗಿನ್ಯಾಗ ನೀವ ಹೇಳ್ತೀರಿ ಅಂತ ಕುಂತಿದ್ದೆ.”

“ನೀನ ಯಾಕ ಹೇಳಲಿಲ್ಲ?”

“ನೀವ್ ಹೇಳ್ತೀರಿ ಅಂತ.”

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಯಾರೋ ತೆಲುಗಿನಲ್ಲಿ ಜೋರಾಗಿ ಕ್ರಿಕೆಟ್ ಮಾತಾಡ್ತಿದ್ರು. ಆಮೇಲೆ ಅವನು ನೇರ ನೋಡಿ ಕೇಳಿದ, “ಬೇಕಂತನ ಸುಮ್ನಿದ್ರೇನ್ರಿ ಸರ್?”

“ಹೂಂ. ಬೇಕಂತನ.”

ಅವನು ತಲೆ ಆಡಿಸಿದ. ಪರವಾಗಿಲ್ಲ ಅಂತ ಅನ್ನಲಿಲ್ಲ. ಅಂದಿದ್ರೆ ನನಗೆ ಕಷ್ಟ ಆಗ್ತಿತ್ತು ಅಂತ ಈಗ ಅನಿಸುತ್ತೆ. ರೈಲು ಎಷ್ಟು ಗಂಟೆಗೆ ಅಂತ ಕೇಳಿದ. ಇನ್ನೂ ಎರಡು ತಾಸು ಐತಿ ಅಂದೆ.

“ಹಂಗಾರ ಇನ್ನೊಂದ್ ಚಾ ಹೇಳ್ತೀನಿ, ತಡೀರಿ” ಅಂತ ಎದ್ದು ಹೋದ.

ಇಷ್ಟೇ.